ಮಾರಿಕುಪ್ಪಂ ಪರಿಸರದ ಅಧ್ಯಯನ: ಸಂಶೋಧಕರು, ಆಸಕ್ತಿಗಳು ಮತ್ತು ಜನಪದರ ತಿಳಿವಳಿಕೆ

ಒಂದು ನೆಲವನ್ನು ಯಾರು ಯಾರು, ಯಾವ ಯಾವ ಕಾಲದಲ್ಲಿ, ಏನನ್ನು ಹುಡುಕಿಕೊಂಡು ಅಧ್ಯಯನ ಮಾಡಿದರು ಎಂಬುದು ಆ ನೆಲದ ಚರಿತ್ರೆಯ ಭಾಗವೇ ಆಗಿದೆ. ಕೋಲಾರ ಜಿಲ್ಲೆಯ ಚಿನ್ನದ ಗಣಿ ಪ್ರದೇಶದ ದಕ್ಷಿಣ ಭಾಗದಲ್ಲಿರುವ ಮಾರಿಕುಪ್ಪಂ ಈ ದೃಷ್ಟಿಯಿಂದ ಗಮನಾರ್ಹವಾದ ಸ್ಥಳ. ಬಂಗಾರಪೇಟೆಯಿಂದ ಕವಲೊಡೆದು ಸುಮಾರು ಹದಿನಾರು ಕಿಲೋಮೀಟರು ಸಾಗುವ ರೈಲುಮಾರ್ಗ ಇಲ್ಲಿಗೆ ಬಂದು ಮುಗಿಯುತ್ತದೆ. ಮೈಸೂರು ಗಣಿ ಎಂಬ ಹೆಸರಿನ ಗಣಿ ಇದ್ದುದು ಇಲ್ಲಿಯೇ. ಮಾರಿ ಎಂಬ ದೇವತೆಯ ಹೆಸರೂ ಜನವಸತಿಯನ್ನು ಸೂಚಿಸುವ ಕುಪ್ಪಂ ಎಂಬ ಪದವೂ ಸೇರಿ ಊರಿನ ಹೆಸರು ಆದಂತೆ ತೋರುತ್ತದೆ. ಗಣಿ ಕಂಪನಿಗಳು ಇಟ್ಟ ಚಾಂಪಿಯನ್ ರೀಫ್, ಬಾಲಘಾಟ್ ಮುಂತಾದ ಹೆಸರುಗಳ ನಡುವೆ ಈ ಹೆಸರು ಗಣಿಗಿಂತ ಮೊದಲಿನ ಹಳ್ಳಿಯೊಂದರ ನೆನಪನ್ನು ಉಳಿಸಿಕೊಂಡಿದೆ.

ಈ ಪ್ರದೇಶಕ್ಕೆ ಭೂವಿಜ್ಞಾನಿಗಳು, ವೈದ್ಯರು, ಶಿಲಾಯಂತ್ರಶಾಸ್ತ್ರಜ್ಞರು, ಭೌತವಿಜ್ಞಾನಿಗಳು ಹಾಗೂ ಕಡೆಗೆ ಪರಿಸರ ವಿಜ್ಞಾನಿಗಳು ಬಂದರು. ಪ್ರತಿಯೊಬ್ಬರೂ ತಮ್ಮ ಶಾಸ್ತ್ರದ ಆಸಕ್ತಿಗೆ ತಕ್ಕಂತೆ ಈ ನೆಲವನ್ನು ಕಂಡರು. ಆ ಅಧ್ಯಯನಗಳ ಸ್ಥೂಲ ಚರಿತ್ರೆಯನ್ನು ಗುರುತಿಸುವುದು ಹಾಗೂ ಅವುಗಳಲ್ಲಿ ನೆಲದ ಜನರ ತಿಳಿವಳಿಕೆಗೆ ದೊರೆತ ಸ್ಥಾನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಳೆಯ ಗುಂಡಿಗಳ ಓದು

ಆಧುನಿಕ ಕಾಲದಲ್ಲಿ ಈ ಪ್ರದೇಶದ ಚಿನ್ನವನ್ನು ಕುರಿತ ಮೊದಲ ವರದಿ ಲೆಫ್ಟಿನೆಂಟ್ ಜಾನ್ ವಾರನ್‌ನದು. ಟಿಪ್ಪುವಿನ ಪತನದ ಅನಂತರ ಮೈಸೂರು ರಾಜ್ಯದ ಪೂರ್ವದ ಗಡಿಯನ್ನು ಅಳತೆ ಮಾಡಲು ಬಂದ ಆತ 1802ರಲ್ಲಿ ಇಲ್ಲಿ ಚಿನ್ನ ದೊರೆಯುವ ಸುದ್ದಿಯನ್ನು ಕೇಳಿದ್ದು ಸ್ಥಳೀಯರ ಬಾಯಿಂದ. ಹಳ್ಳಿಗರು ಗಾಡಿಗಳಲ್ಲಿ ತಂದ ಮಣ್ಣನ್ನು ಅವನ ಎದುರಿನಲ್ಲೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪಂ ಬಳಿ ಜನ ಇಳಿದು ಅಗೆಯುತ್ತಿದ್ದ ಗುಂಡಿಗಳನ್ನೂ ಅವನು ಕಂಡನು. ಮಣ್ಣನ್ನು ಆರಿಸುವುದು, ನೀರಿನಲ್ಲಿ ಜಾಲಿಸುವುದು, ಭಾರದ ಕಣಗಳನ್ನು ಬೇರ್ಪಡಿಸುವುದು ಇವೆಲ್ಲ ತಲೆಮಾರುಗಳಿಂದ ಬಂದ ಕುಶಲ ವಿದ್ಯೆಗಳು. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ಜಾಲಿಸುತ್ತಿದ್ದ ಜಾಲಗಾರರ ವಿದ್ಯೆಯೂ ಇದೇ ಬಗೆಯದು.

1871ರಲ್ಲಿ ಈ ಭಾಗಕ್ಕೆ ಬಂದ ಮೈಕೆಲ್ ಲೆವೆಲ್ 1875ರಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದನು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಪ್ರವೇಶಿಸಿತು. ಆರಂಭದ ವರ್ಷಗಳಲ್ಲಿ ಹಣ ಕರಗಿತೇ ಹೊರತು ಚಿನ್ನ ದೊರೆಯಲಿಲ್ಲ. ಕಂಪನಿ ಮುಚ್ಚುವ ಹಂತಕ್ಕೆ ಬಂದಾಗ ಮೈಸೂರು ಗಣಿಯ ಕ್ಯಾಪ್ಟನ್ ಪ್ಲಮ್ಮರ್ ಹೊಸ ಜಾಗವನ್ನು ಅಗೆಯುವ ಬದಲು ಪ್ರಾಚೀನರು ಅಗೆದು ಬಿಟ್ಟಿದ್ದ ಗುಂಡಿಗಳನ್ನೇ ಹಿಂಬಾಲಿಸಿ ಕೆಳಗಿಳಿದನು. ಅವುಗಳ ತಳದಲ್ಲಿ ಚಾಂಪಿಯನ್ ಅದಿರುಪಟ್ಟಿ ದೊರೆಯಿತು. ಮುಂದಿನ ನೂರಕ್ಕೂ ಹೆಚ್ಚು ವರ್ಷಗಳ ಗಣಿಗಾರಿಕೆಯ ಅಡಿಗಲ್ಲು ಇದೇ. ಅಂದರೆ, ಹೆಸರಿಲ್ಲದ ಪ್ರಾಚೀನ ಗಣಿಗಾರರು ನೆಲದ ಮೇಲೆ ಬಿಟ್ಟುಹೋದ ಗುರುತುಗಳನ್ನು ಓದಿದ್ದೇ ಇಲ್ಲಿನ ಮೊದಲ ಯಶಸ್ವಿ ಅಧ್ಯಯನ ಎನ್ನಬಹುದು.

ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಭೂವಿಜ್ಞಾನ ಇಲಾಖೆ ಸ್ಥಾಪನೆಯಾದ ಮೇಲೆ ಅಧ್ಯಯನಕ್ಕೆ ಶಾಸ್ತ್ರೀಯ ಚೌಕಟ್ಟು ಬಂದಿತು. ರಾಬರ್ಟ್ ಬ್ರೂಸ್ ಫುಟ್ ಮತ್ತು ಡಬ್ಲ್ಯು.ಎಫ್. ಸ್ಮೀತ್ ಈ ಕಾಲದ ಪ್ರಮುಖರು. ಸುಮಾರು 80 ಕಿಲೋಮೀಟರು ಉದ್ದಕ್ಕೂ ಕೆಲವೇ ಕಿಲೋಮೀಟರು ಅಗಲಕ್ಕೂ ಹಬ್ಬಿರುವ ಕೋಲಾರ ಷಿಸ್ಟ್ ಪಟ್ಟಿ ಭಾರತದ ಭೂವಿಜ್ಞಾನದ ಪಠ್ಯಗಳಲ್ಲಿ ಸ್ಥಾನ ಪಡೆಯಿತು. ಮುಂದೆ ಕನ್ನಡಿಗರೇ ಆದ ಬಿ.ಪಿ. ರಾಧಾಕೃಷ್ಣ ಅವರು ಪ್ರಾಚೀನ ಗಣಿಗಳ ಕುರುಹುಗಳಿಗೆ ವಿಶೇಷ ಗಮನ ನೀಡಿದರು. ಪುರಾತತ್ತ್ವಜ್ಞ ಎಫ್.ಆರ್. ಆಲ್ಚಿನ್ 1962ರಲ್ಲಿ ಭಾರತದ ಪ್ರಾಚೀನ ಚಿನ್ನದ ಗಣಿಗಾರಿಕೆಯ ವಿಧಾನಗಳನ್ನು ಕುರಿತು ಬರೆದುದೂ ಇಲ್ಲಿ ಸ್ಮರಣೀಯ.

ದೂಳು ಮತ್ತು ಎದೆ

ಗಣಿಯ ಕೆಲಸಕ್ಕೆ ಉತ್ತರ ಆರ್ಕಾಟು, ಸೇಲಂ ಕಡೆಯ ತಮಿಳರೂ ಚಿತ್ತೂರು ಸೀಮೆಯ ತೆಲುಗರೂ ದೊಡ್ಡ ಸಂಖ್ಯೆಯಲ್ಲಿ ಬಂದು ಲೈನುಗಳೆಂದು ಕರೆಯಲಾಗುವ ಸಾಲುಮನೆಗಳಲ್ಲಿ ನೆಲೆಸಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದ ಮೇಲೆ ಗಣಿಗಾರಿಕೆಗೆ ಹೊಸ ವೇಗ ದೊರೆಯಿತು. ಗಟ್ಟಿಯಾದ ಬೆಣಚುಕಲ್ಲನ್ನು ಯಂತ್ರದಿಂದ ಕೊರೆಯುವಾಗ ಏಳುವ ನುಣುಪಾದ ದೂಳು ಶ್ವಾಸಕೋಶದಲ್ಲಿ ನೆಲೆನಿಂತು ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ.

ಈ ರೋಗವನ್ನು ಕುರಿತು ಕೋಲಾರ ಗಣಿಗಳಲ್ಲಿ 1940ರಿಂದ 1946ರವರೆಗೆ ನಡೆದ ಸಮೀಕ್ಷೆ ಭಾರತದ ವೃತ್ತಿರೋಗ ಅಧ್ಯಯನದಲ್ಲಿ ಒಂದು ಮೈಲಿಗಲ್ಲು. ಪರೀಕ್ಷೆಗೆ ಒಳಪಟ್ಟ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರಲ್ಲಿ ಶೇಕಡ 40ಕ್ಕಿಂತ ಅಧಿಕ ಮಂದಿಗೆ ಸಿಲಿಕೋಸಿಸ್ ಇರುವುದು ಕಂಡುಬಂದಿತು. ಸಾಮುದಾಯಿಕ ಆರೋಗ್ಯದ ಪಠ್ಯಗಳಲ್ಲಿ ಈ ಸಮೀಕ್ಷೆ ಉಲ್ಲೇಖಗೊಳ್ಳುತ್ತ ಬಂದಿದೆ. ಆದರೆ ಅಧ್ಯಯನದ ವಸ್ತು ಶ್ವಾಸಕೋಶವಾಗಿತ್ತು. ಕೆಮ್ಮಿನಿಂದ ಕೆಲಸ ಕಳೆದುಕೊಂಡವನ ಮನೆಯ ಕಥೆ, ಗಂಡನ ಕಾಯಿಲೆಯನ್ನು ಮೊದಲು ಗುರುತಿಸುತ್ತಿದ್ದ ಹೆಂಗಸರ ಅನುಭವ ಇವು ಅಂಕಿಅಂಶಗಳ ಹೊರಗೇ ಉಳಿಯುವಂಥವು. ಗಣಿ ಕಾರ್ಮಿಕರ ಬದುಕು, ಸಂಸ್ಕೃತಿ ಹಾಗೂ 1930ರ ಮುಷ್ಕರವನ್ನು ಜಾನಕಿ ನಾಯರ್ ತಮ್ಮ 1998ರ ಗ್ರಂಥದಲ್ಲಿ ಚರ್ಚಿಸಿದ ಬಳಿಕ ಕಾರ್ಮಿಕರು ಚರಿತ್ರೆಯ ಕರ್ತೃಗಳಾಗಿ ಕಾಣಿಸಿಕೊಂಡರು.

ಬಂಡೆಯ ಸದ್ದು

ಗಣಿ ಆಳವಾದಂತೆ ಶಿಲಾಸ್ಫೋಟದ ಭಯ ಹೆಚ್ಚಿತು. ಅದಿರನ್ನು ತೆಗೆದ ಮೇಲೆ ಉಳಿದ ಬಂಡೆಯ ಮೇಲೆ ಒತ್ತಡ ಕೇಂದ್ರೀಕೃತವಾಗಿ, ಅದು ತಾಳಲಾರದ ಮಿತಿಯನ್ನು ಮುಟ್ಟಿದಾಗ ಸಿಡಿಯುತ್ತದೆ. ಸಿಡಿತದೊಂದಿಗೆ ಸುರಂಗದಲ್ಲಿ ಗಾಳಿ ರಭಸದಿಂದ ನುಗ್ಗುವುದರಿಂದ ಹಿಂದೆ ಇದನ್ನು 'ಏರ್ ಬ್ಲಾಸ್ಟ್' ಎಂದು ಕರೆಯುತ್ತಿದ್ದರು. ಶಾಸ್ತ್ರಕಾರರು 'ರಾಕ್ ಬರ್ಸ್ಟ್' ಎಂಬ ಪದಕ್ಕೆ ಹೊರಳಿದರು. ಈ ಎರಡು ಪದಗಳ ಅಂತರ ಗಮನಾರ್ಹ. ಮೊದಲನೆಯದು ಒಳಗಿದ್ದವನ ಮೈಗೆ ತಾಕಿದ್ದನ್ನು ಹೇಳುತ್ತದೆ, ಎರಡನೆಯದು ಬಂಡೆಗೆ ಆದುದನ್ನು ಹೇಳುತ್ತದೆ.

ಕೋಲಾರದ ಗಣಿಗಳು 3,200 ಮೀಟರಿನಷ್ಟು ಆಳಕ್ಕೆ ಇಳಿದವು. ಅಲ್ಲಿ ಬಂಡೆಯ ಉಷ್ಣತೆ 65 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಈ ಸ್ಥಿತಿಯಲ್ಲಿ ಕೆಲಸ ಸಾಗಿಸಲು ಗಾಳಿಯನ್ನು ತಂಪುಗೊಳಿಸುವ ವ್ಯವಸ್ಥೆ, ಖಾಲಿಯಾದ ಜಾಗಕ್ಕೆ ಗ್ರಾನೈಟ್ ಕಲ್ಲಿನ ಆಸರೆ ಕಟ್ಟುವ ಕ್ರಮ ರೂಢಿಗೆ ಬಂದವು. ಐಸಾಕ್ಸನ್ ಅವರು ಇಲ್ಲಿನ ಶಿಲಾಸ್ಫೋಟಗಳನ್ನು ಸಂಖ್ಯಾಶಾಸ್ತ್ರೀಯವಾಗಿ ವಿಶ್ಲೇಷಿಸಿ, 1958ರಲ್ಲಿ ಗಣಿಗಳಲ್ಲಿನ ಶಿಲಾಒತ್ತಡವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. 1978ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಸಹಕಾರದಿಂದ ಕಂಪನಮಾಪಕಗಳ ಜಾಲ ಸ್ಥಾಪನೆಯಾಯಿತು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಕೆ.ಜಿ.ಎಫ್.ನಲ್ಲಿ ಆರಂಭವಾಯಿತು, ಮುಂದೆ ಅದರ ಕೇಂದ್ರಸ್ಥಾನ ಬೆಂಗಳೂರಿಗೆ ಹೋಯಿತು. ಸಿ. ಶ್ರೀನಿವಾಸನ್, ಎಸ್.ಕೆ. ಅರೋರಾ ಮೊದಲಾದವರು ಸ್ಫೋಟಕ್ಕೆ ಮುನ್ನ ದೊರೆಯಬಹುದಾದ ಸೂಚನೆಗಳನ್ನು ಹುಡುಕಿದರು. ಗಣಿ ಮುಚ್ಚಿ ಸುರಂಗಗಳಲ್ಲಿ ನೀರು ತುಂಬಿದ ಮೇಲೂ ನೆಲ ಅದುರಿದುದು ಈ ಅಧ್ಯಯನಗಳಿಗೆ ಹೊಸ ವಸ್ತುವಾಯಿತು.

ಮುನ್ಸೂಚನೆಯ ಹುಡುಕಾಟ ಯಂತ್ರಗಳಿಗಿಂತ ಹಳೆಯದು. ಕೆಲಸಕ್ಕೆ ಮೊದಲು ಸಲಾಕೆಯಿಂದ ಬಂಡೆಯನ್ನು ತಟ್ಟಿ, ಅದರ ದನಿಯಿಂದ ಗಟ್ಟಿ ಯಾವುದು, ಸಡಿಲ ಯಾವುದು ಎಂದು ತಿಳಿಯುವುದು ಗಣಿಗಾರಿಕೆಯಲ್ಲೆಲ್ಲ ಇರುವ ರೂಢಿ. ಕಿವಿಯಿಂದ ಕಲಿತ ಈ ವಿದ್ಯೆಯನ್ನು ಹಿರಿಯ ಕೆಲಸಗಾರ ಕಿರಿಯನಿಗೆ ದಾಟಿಸುತ್ತಿದ್ದುದು ಬಾಯಿಮಾತಿನಲ್ಲಿ, ಕತ್ತಲೆಯಲ್ಲಿ.

ಆಳದಲ್ಲೊಂದು ಪ್ರಯೋಗಶಾಲೆ

ಗಣಿಯ ಆಳವನ್ನೇ ಉಪಕರಣವಾಗಿ ಬಳಸಿಕೊಂಡವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭೌತವಿಜ್ಞಾನಿಗಳು. ಹೋಮಿ ಭಾಭಾ ಅವರ ಸೂಚನೆಯಂತೆ ಮೈಸೂರು ಸೀಮೆಯವರಾದ ಬಿ.ವಿ. ಶ್ರೀಕಂಠನ್ 1951ರಲ್ಲಿ ಇಲ್ಲಿ ವಿಶ್ವಕಿರಣಗಳ ಅಳತೆಯನ್ನು ಆರಂಭಿಸಿದರು. ಅತಿ ಆಳದಲ್ಲಿ ಮ್ಯೂಯಾನ್ ಕಣಗಳು ಬಹುಮಟ್ಟಿಗೆ ಬಂಡೆಯಲ್ಲೇ ತಡೆಯಲ್ಪಡುವುದರಿಂದ ನ್ಯೂಟ್ರಿನೊಗಳನ್ನು ಗುರುತಿಸುವುದು ಸಾಧ್ಯವೆಂದು ತಿಳಿಯಿತು. ಎಂ.ಜಿ.ಕೆ. ಮೆನನ್, ಪಿ.ವಿ. ರಮಣಮೂರ್ತಿ ಮೊದಲಾದವರು ಜಪಾನಿನ ಒಸಾಕ ನಗರ ವಿಶ್ವವಿದ್ಯಾಲಯ ಹಾಗೂ ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳೊಂದಿಗೆ ನಡೆಸಿದ ಪ್ರಯೋಗದಿಂದ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳು ಪತ್ತೆಯಾದವು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಇದೇ ಸಾಧನೆ ನಡೆಯಿತು. 1980ರಿಂದ ಪ್ರೋಟಾನ್ ಕ್ಷಯದ ಹುಡುಕಾಟವೂ ಇಲ್ಲಿ ನಡೆದು, 1990ರ ದಶಕದ ಆರಂಭದಲ್ಲಿ ನಿಂತಿತು.

ಈ ಪ್ರಯೋಗಗಳ ಕೀರ್ತಿ ಲೋಕಪ್ರಸಿದ್ಧ. ಆ ಉಪಕರಣಗಳನ್ನು ಕಿಲೋಮೀಟರುಗಟ್ಟಲೆ ಕೆಳಗಿಳಿಸಿ, ಶಾಖದಲ್ಲಿ ಜೋಡಿಸಲು ನೆರವಾದ ಗಣಿಯ ದುಡಿಮೆಯೂ ಆ ಕೀರ್ತಿಯ ಭಾಗವೆಂಬುದನ್ನು ಮರೆಯಲಾಗದು.

ಸಯನೈಡ್ ದಿಬ್ಬಗಳು ಮತ್ತು ಪರಿಸರ ವಿಜ್ಞಾನ

1956ರಲ್ಲಿ ರಾಷ್ಟ್ರೀಕೃತವಾಗಿ, 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಬಂದು, 1972ರಿಂದ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ನಡೆದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಷ್ಟರಲ್ಲಿ ಸುಮಾರು 51 ದಶಲಕ್ಷ ಟನ್ ಅದಿರಿನಿಂದ 800 ಟನ್ನಿನಷ್ಟು ಚಿನ್ನವನ್ನು ತೆಗೆಯಲಾಗಿತ್ತು. ಅದಿರನ್ನು ನುಣ್ಣಗೆ ಅರೆದು ಸಯನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದ ಬಳಿಕ ಉಳಿದ ಮಣ್ಣು ಊರ ನಡುವೆ ದಿಬ್ಬಗಳಾಗಿ ನಿಂತಿತು. 13 ದಿಬ್ಬಗಳಲ್ಲಿ 30 ದಶಲಕ್ಷ ಟನ್ನಿಗೂ ಹೆಚ್ಚು ಮಣ್ಣಿದೆ. ಜನರ ಬಾಯಲ್ಲಿ ಅವು ಸಯನೈಡ್ ದಿಬ್ಬಗಳು. ಬೇಸಿಗೆಯ ಗಾಳಿಗೆ ಅವುಗಳ ಪುಡಿ ಎದ್ದು ಮನೆಯೊಳಕ್ಕೆ ಬರುತ್ತದೆ, ಮಳೆಗಾಲದಲ್ಲಿ ತಗ್ಗಿಗೆ ಹರಿಯುತ್ತದೆ.

ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನ ಪ್ರತ್ಯೇಕ ವಿಭಾಗವಾಗಿ ಬೆಳೆದುದು ಇತ್ತೀಚಿನ ಬೆಳವಣಿಗೆ. ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ನೀಡಿದ ನಿರ್ದೇಶನ ಈ ಬೆಳವಣಿಗೆಗೆ ಬಲ ನೀಡಿತು. ಕೋಲಾರ ಜಿಲ್ಲೆ ದೀರ್ಘಕಾಲ ಬೆಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿತ್ತು. ಅಲ್ಲಿನ ಪರಿಸರ ವಿಜ್ಞಾನ ವಿಭಾಗದ ಆರ್.ಕೆ. ಸೋಮಶೇಖರ್, ಎನ್. ನಂದಿನಿ ಮೊದಲಾದವರ ಆಸಕ್ತಿಗಳು ಜಲಮೂಲಗಳ ಗುಣಮಟ್ಟ, ಕೆರೆಗಳ ಸ್ಥಿತಿ, ಮಾಲಿನ್ಯ ಇವುಗಳ ಸುತ್ತ ಬೆಳೆದವು. ಭಾರತೀಯ ವಿಜ್ಞಾನ ಸಂಸ್ಥೆಯ ಸುಧಾಕರ ಎಂ. ರಾವ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಅವರು ಕೆ.ಜಿ.ಎಫ್. ದಿಬ್ಬಗಳ ಮಣ್ಣಿನಲ್ಲಿ ಸಯನೈಡ್ ಹಾಗೂ ಆಮ್ಲೀಯ ನೀರಿನ ಸಮಸ್ಯೆಯನ್ನು ಪರೀಕ್ಷಿಸಿ 2006ರಲ್ಲಿ ಪ್ರಬಂಧ ಪ್ರಕಟಿಸಿದರು. ಇದರ ಮಹತ್ವವೆಂದರೆ, 'ಸಯನೈಡ್' ಎಂಬ ಹೆಸರೇ ಹುಟ್ಟಿಸುವ ಭಯದ ಪಕ್ಕದಲ್ಲಿ ಮತ್ತೊಂದು ಪ್ರಶ್ನೆಯನ್ನು ಅದು ಇರಿಸಿತು: ಅದಿರಿನಲ್ಲಿದ್ದ ಗಂಧಕದ ಖನಿಜಗಳು ಗಾಳಿ, ನೀರು ಸೋಕಿ ಆಮ್ಲವಾಗಿ ಹರಿಯುವ ಪ್ರಶ್ನೆ. ಸುಧಾಕರ ರಾವ್ ಅವರ ಆಸಕ್ತಿ ಮುಂದೆ ಕೋಲಾರ ಜಿಲ್ಲೆಯ ಅಂತರ್ಜಲದ ಫ್ಲೋರೈಡ್‌ಗೂ ಮುಳಬಾಗಿಲಿನ ಶೌಚಗುಂಡಿಗಳಿಂದ ನೆಲದೊಳಕ್ಕೆ ಇಳಿಯುವ ನೈಟ್ರೇಟ್‌ಗೂ ವಿಸ್ತರಿಸಿತು. ನದಿಯ ಆಸರೆ ಇಲ್ಲದೆ ಕೆರೆ, ಬಾವಿಗಳನ್ನೇ ನಂಬಿದ ಜಿಲ್ಲೆಯಲ್ಲಿ ಪ್ರಶ್ನೆಗಳು ಕೊನೆಗೂ ಕುಡಿಯುವ ನೀರಿಗೇ ಬಂದು ನಿಲ್ಲುವುದು ಸಹಜ. 2018ರಲ್ಲಿ ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹರಿಸಿದಾಗ ಎದ್ದ ವಾದ ನ್ಯಾಯಾಲಯದ ಮೆಟ್ಟಿಲೇರಿದುದೂ ಇದೇ ಕಾರಣಕ್ಕೆ.

ಜಾನಪದಕ್ಕೆ ಉಳಿದ ಕೆಲಸ

ಮೇಲಿನ ವಿವೇಚನೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಭೂವಿಜ್ಞಾನಿಗೆ ಅದಿರು, ವೈದ್ಯನಿಗೆ ಶ್ವಾಸಕೋಶ, ಶಿಲಾಯಂತ್ರಶಾಸ್ತ್ರಜ್ಞನಿಗೆ ಒತ್ತಡ, ಭೌತವಿಜ್ಞಾನಿಗೆ ಆಳ, ಪರಿಸರ ವಿಜ್ಞಾನಿಗೆ ಮಣ್ಣು ಮತ್ತು ನೀರಿನ ಮಾದರಿ ಮುಖ್ಯವಾದವು. ಪ್ರತಿಯೊಂದು ಅಧ್ಯಯನವೂ ಅಗತ್ಯವಾದುದೇ. ಆದರೆ ಈ ಐದೂ ಕೂಡಿ ಬದುಕಾಗಿ ಕಂಡುದು ಲೈನುಗಳಲ್ಲಿ ವಾಸಿಸಿದ ಜನರಿಗೆ ಮಾತ್ರ. ಬಂಡೆಯೊಳಗೆ ದುಡಿದವನೇ ದೂಳು ಕುಡಿದವನು. ದಿಬ್ಬದ ಪಕ್ಕದ ಮನೆಯೂ ಅವನದೇ.

ಇಂಥ ತಿಳಿವಳಿಕೆಯನ್ನು ದಾಖಲಿಸುವ ಮಾದರಿ ಕರ್ನಾಟಕದಲ್ಲಿ ಇಲ್ಲದಿಲ್ಲ. 1983ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಗಳ ಕೇಂದ್ರವನ್ನು ಕಟ್ಟಿದ ಮಾಧವ ಗಾಡ್ಗೀಳ್ ಅವರು 1990ರ ದಶಕದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿಯ ಪರಿಕಲ್ಪನೆಯನ್ನು ಬೆಳೆಸಿದರು. 2002ರ ಜೀವವೈವಿಧ್ಯ ಕಾಯಿದೆಯ ಮುಂದುವರಿಕೆಯಾಗಿ ಅದು ಸ್ಥಳೀಯ ಸಂಸ್ಥೆಗಳ ಹೊಣೆಯಾಯಿತು. ಹಳ್ಳಿಯ ಗಿಡಮೂಲಿಕೆ ಬಲ್ಲವರೂ ದನಗಾಹಿಗಳೂ ಅಲ್ಲಿ ಕೇವಲ ಮಾಹಿತಿದಾರರಾಗಿ ಉಳಿಯದೆ ಜ್ಞಾನದ ಒಡೆಯರಾಗಿ ಗುರುತಿಸಲ್ಪಟ್ಟರು. ಅರಣ್ಯ ಮತ್ತು ಹಳ್ಳಿಗೆ ಸಲ್ಲುವ ಈ ಕ್ರಮ ಗಣಿಯ ನೆಲಕ್ಕೂ ಸಲ್ಲಬೇಕು. ಯಾವ ತಿಂಗಳಲ್ಲಿ ಯಾವ ದಿಬ್ಬದ ದೂಳು ಯಾವ ಲೈನಿನ ಕಡೆಗೆ ಬೀಸುತ್ತದೆ, ಯಾವ ಬಾವಿಯ ನೀರು ಯಾವಾಗ ರುಚಿಗೆಟ್ಟಿತು, ದಿಬ್ಬದ ಮೇಲೆ ಯಾವ ಗಿಡ ನಿಲ್ಲುತ್ತದೆ, ಯಾವುದು ನಿಲ್ಲದು ಎಂಬುದನ್ನು ಬಲ್ಲವರು ಅಲ್ಲಿಯ ನಿವಾಸಿಗಳು. ಈ ತಿಳಿವಳಿಕೆ ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಹರಡಿದೆ. ಮೂರು ಭಾಷೆಗಳನ್ನು ಬಲ್ಲ ಜಾನಪದ ಕ್ಷೇತ್ರಕಾರ್ಯಕರ್ತನೂ ಮಾದರಿ ಸಂಗ್ರಹಿಸುವ ಪರಿಸರ ವಿಜ್ಞಾನಿಯೂ ಜೊತೆಯಾಗಿ ಹೋಗಬೇಕಾದ ಕ್ಷೇತ್ರವಿದು.

ಈ ಕೆಲಸಕ್ಕೆ ಕಾಲ ಹೆಚ್ಚಿಲ್ಲ. ಗಣಿ ಮುಚ್ಚಿದಾಗ ಮೂವತ್ತರ ಪ್ರಾಯದಲ್ಲಿದ್ದ ಕೆಲಸಗಾರ ಈಗ ಮುಪ್ಪಿಗೆ ಹತ್ತಿರವಾಗಿದ್ದಾನೆ. ಆಳದ ಮಟ್ಟಗಳಲ್ಲಿ ದುಡಿದ ಹಿರಿಯರ ಸಂಖ್ಯೆ ಇಳಿಯುತ್ತಿದೆ. ಇತ್ತ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಸುಮಾರು ಒಂದು ಸಾವಿರ ಎಕರೆಯಲ್ಲಿರುವ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ದಿಬ್ಬವನ್ನು ಕದಲಿಸುವಾಗ ಟನ್ನಿಗೆ ಎಷ್ಟು ಗ್ರಾಂ ಚಿನ್ನ ಎಂಬ ಲೆಕ್ಕ ಬೇಕೇ ಬೇಕು. ಅದರೊಂದಿಗೆ ಆ ಮಣ್ಣಿನ ಪಕ್ಕದಲ್ಲಿ ತಲೆಮಾರುಗಳಿಂದ ಬಾಳಿದವರು ಬಲ್ಲುದೇನು ಎಂಬ ಲೆಕ್ಕವೂ ಬೇಕು. 1802ರಲ್ಲಿ ವಾರನ್ ಕೇಳಿದ್ದು ಹಳ್ಳಿಗರ ಮಾತನ್ನು. ಪ್ಲಮ್ಮರ್ ಹಿಡಿದದ್ದು ಹಳೆಯ ಗಣಿಗಾರರ ಜಾಡನ್ನು. ಮಾರಿಕುಪ್ಪಂನ ಚಿನ್ನ ದೊರೆತದ್ದು ಜನಪದರ ತಿಳಿವಳಿಕೆಯನ್ನು ನಂಬಿದ್ದರಿಂದ. ಆ ಚಿನ್ನ ಉಳಿಸಿಹೋದ ಮಣ್ಣನ್ನು ಅರಿಯುವುದಕ್ಕೂ ಅದೇ ನಂಬಿಕೆಯ ಅಗತ್ಯವಿದೆ.