ಎರಡು ಕಿವಿ, ಎರಡು ಪೆಟ್ಟಿಗೆ: ಮನೆಯ ಸ್ಟೀರಿಯೋ ನಡೆದು ಬಂದ ದಾರಿ

ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದ ಮೇಲೆ ಹೆತ್ತವರು ನಮ್ಮಲ್ಲಿ ಕೇಳುವುದು ಪಾಠದ ವಿಷಯ ಮಾತ್ರವಲ್ಲ. "ಮಾಷ್ಟ್ರೇ, ಮನೆಗೊಂದು ಸಾದಾ ಸ್ಟೀರಿಯೋ ಸೆಟ್ಟು ಬೇಕಿತ್ತು. ಅಂಗಡಿಯವರು ಹೇಳುವುದು ಒಂದೂ ತಲೆಗೆ ಹೋಗುವುದಿಲ್ಲ. ಯಾವುದು ತೆಗೆದುಕೊಳ್ಳುವುದು?" ಎಂಬ ಪ್ರಶ್ನೆಯೂ ಬರುತ್ತದೆ. ಕಂಪೆನಿಯ ಹೆಸರು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಈ ಯಂತ್ರದ ಚರಿತ್ರೆ ಸ್ವಲ್ಪ ತಿಳಿದರೆ ಆಯ್ಕೆಯ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲಿ ಆ ಚರಿತ್ರೆಯನ್ನೇ ಹೇಳುತ್ತೇವೆ.

ಧ್ವನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಫೋನೋಗ್ರಾಫನ್ನು ಎಡಿಸನ್ ತಯಾರಿಸಿದ್ದು 1877ರಲ್ಲಿ. ಹತ್ತು ವರ್ಷಗಳ ನಂತರ ಎಮಿಲ್ ಬರ್ಲಿನರ್ ಚಪ್ಪಟೆ ತಟ್ಟೆಯ ಗ್ರಾಮೋಫೋನ್ ತಂದ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡು ತಟ್ಟೆಗೆ ಇಳಿಯಿತು. ಆಗಿನ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು-ನಾಲ್ಕು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ಕೈಯಿಂದ ಕೀಲಿ ಕೊಡಬೇಕು, ಮುಳ್ಳು ಬದಲಿಸಬೇಕು. ಎಷ್ಟೇ ಮಂದಿ ಹಾಡಿದರೂ, ಎಷ್ಟೇ ವಾದ್ಯ ನುಡಿದರೂ ಎಲ್ಲವೂ ಒಂದೇ ಕೊಂಬಿನ ಬಾಯಿಯಿಂದ ಹೊರಬರುತ್ತಿತ್ತು.

ನಮಗಿರುವುದು ಎರಡು ಕಿವಿ. ಬಲಗಡೆ ಕಾಗೆ ಕೂಗಿದರೆ ಆ ಶಬ್ದ ಬಲಗಿವಿಯನ್ನು ಕೂದಲೆಳೆಯಷ್ಟು ಬೇಗ, ಸ್ವಲ್ಪ ಜೋರಾಗಿ ಮುಟ್ಟುತ್ತದೆ. ಈ ವ್ಯತ್ಯಾಸದಿಂದಲೇ ಶಬ್ದ ಯಾವ ದಿಕ್ಕಿನದೆಂದು ಕಣ್ಣು ಮುಚ್ಚಿಯೂ ಹೇಳುತ್ತೇವೆ. ಇದನ್ನು ಯಂತ್ರಕ್ಕೆ ಕಲಿಸಿದವರಲ್ಲಿ ಮುಖ್ಯನಾದವನು ಅಲನ್ ಬ್ಲೂಮ್ಲೀನ್ ಎಂಬ ಇಂಗ್ಲೆಂಡಿನ ಇಂಜಿನಿಯರ್. ಎರಡು ಮೈಕಿನಿಂದ ಹಿಡಿದು ಎರಡು ಸ್ಪೀಕರಿನಿಂದ ಕೇಳಿಸುವ ಕ್ರಮಕ್ಕೆ ಆತ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಒಂದೇ ಗೆರೆಯ ಎರಡು ಗೋಡೆಗಳಲ್ಲಿ ಎಡ ಮತ್ತು ಬಲ ಧ್ವನಿಗಳನ್ನು ಬೇರೆಬೇರೆಯಾಗಿ ಕೊರೆಯುವ ಉಪಾಯವೂ ಅದರಲ್ಲಿತ್ತು. 1942ರಲ್ಲಿ ಯುದ್ಧಕಾಲದ ರಾಡಾರ್ ಪರೀಕ್ಷೆಯ ವಿಮಾನ ಬಿದ್ದು ಆತ ತೀರಿಕೊಂಡಾಗ ಅವನಿಗೆ ಬರೇ 38 ವರ್ಷ. ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದದ್ದು 1958ರಲ್ಲಿ. ತನ್ನ ಕೆಲಸದ ಫಲವನ್ನು ಜನ ಮನೆಯಲ್ಲಿ ಕೂತು ಕೇಳುವುದನ್ನು ಆತ ನೋಡಲಿಲ್ಲ.

'ಸ್ಟೀರಿಯೋ' ಎಂಬುದು ಗ್ರೀಕ್ ಮೂಲದ ಮಾತು. ಗಟ್ಟಿಯಾದದ್ದು, ಘನವಾದದ್ದು ಎಂದು ಅರ್ಥ. ಉದ್ದ ಅಗಲ ಮಾತ್ರವಲ್ಲ, ಆಳವೂ ಇರುವ ಧ್ವನಿ ಎಂದಿಟ್ಟುಕೊಳ್ಳಿ. ಯಕ್ಷಗಾನದ ಹಿಮ್ಮೇಳವನ್ನು ಸರಿಯಾಗಿ ಸ್ಟೀರಿಯೋದಲ್ಲಿ ಹಿಡಿದರೆ ಚೆಂಡೆಯ ಪೆಟ್ಟು ಒಂದು ಕಡೆಯಿಂದ, ಮದ್ದಳೆಯ ನುಡಿ ಇನ್ನೊಂದು ಕಡೆಯಿಂದ, ಭಾಗವತರ ಪದ ನಡುವಿನಿಂದ ಬಂದಂತೆ ಕೇಳುತ್ತದೆ. ನಡುವಿನಲ್ಲಿ ಪೆಟ್ಟಿಗೆಯೇ ಇಲ್ಲ! ಅದು ನಮ್ಮ ಎರಡು ಕಿವಿಗಳು ಸೇರಿ ಕಟ್ಟುವ ಚಿತ್ರ.

ಇನ್ನು ನಮ್ಮ ಗಡಿನಾಡಿಗೆ ಬರೋಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಕ್ಷೆಯಲ್ಲಿ ಗೆರೆ ಬಿತ್ತು, ಆದರೆ ಗಾಳಿಯಲ್ಲಿ ಬರುವ ಮಾತಿಗೆ ಗೆರೆಯಿಲ್ಲ. 1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಇಲ್ಲಿಯ ಮನೆಗಳಿಗೆ ಕನ್ನಡ ಇನ್ನಷ್ಟು ಹತ್ತಿರದಿಂದ ಕೇಳತೊಡಗಿತು. ಅಷ್ಟರಲ್ಲಿ, 1963ರಲ್ಲಿ ಫಿಲಿಪ್ಸ್ ಕಂಪೆನಿ ಹೊರತಂದ ಕ್ಯಾಸೆಟ್ ಕೂಡ ಊರೂರು ಸೇರುತ್ತಿತ್ತು. ರೇಡಿಯೋ ಕೇಳಿಸುತ್ತದೆ ಅಷ್ಟೆ, ಕ್ಯಾಸೆಟ್ ಕೇಳಿಸುವುದರ ಜೊತೆಗೆ ಕೂಡಿಡುತ್ತದೆ. ತಾಳಮದ್ದಳೆ ನಡೆಯುವಲ್ಲಿ ವೇದಿಕೆಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕೂತವರನ್ನು ಹಳಬರು ಮರೆತಿರಲಾರರು. ನಮ್ಮವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳ ಮಾತು ಹೀಗೆ ಮನೆಮನೆಯ ಕಪಾಟು ಸೇರಿತು.

1982ರಲ್ಲಿ ಸಿಡಿ ಬಂತು. ಆಮೇಲೆ ಪೆನ್ ಡ್ರೈವ್, ಈಗ ಮೊಬೈಲ್. ಇಲ್ಲಿ ಒಂದು ವಿಷಯ ಗಮನಿಸಿ. ಬದಲಾಗುತ್ತಾ ಹೋದದ್ದು ಧ್ವನಿ ಹೊರಡುವ ಮೂಲ ಮಾತ್ರ. ಆ ಸಣ್ಣ ವಿದ್ಯುತ್ ಅಲೆಯನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್, ಕೇಳಿಸುವ ಎರಡು ಸ್ಪೀಕರ್, ಇವುಗಳ ಕೆಲಸ 1958ರಲ್ಲಿ ಇದ್ದದ್ದೇ ಇವತ್ತೂ ಇದೆ. ಹಾಗಾಗಿ ಹೊಸಬರು ಹೆದರಬೇಕಾಗಿಲ್ಲ. ಮೂಲ, ಆಂಪ್ಲಿಫೈಯರ್, ಎರಡು ಪೆಟ್ಟಿಗೆ - ಇಷ್ಟೇ ಪಾಠ.

ಅಂಗಡಿಯಲ್ಲಿ ಮೋಸ ಹೋಗುವುದು ಹೆಚ್ಚಾಗಿ ವಾಟಿನ ಲೆಕ್ಕದಲ್ಲಿ. ಇದಕ್ಕೂ ಚರಿತ್ರೆಯಿದೆ. ಅಮೆರಿಕದಲ್ಲಿ ಕಂಪೆನಿಗಳು ಮನಬಂದಂತೆ ವಾಟ್ ಬರೆಯುತ್ತಿದ್ದುದರಿಂದ 1974ರಲ್ಲಿ ಅಲ್ಲಿಯ ಸರಕಾರಿ ವ್ಯಾಪಾರ ಆಯೋಗ ಆಂಪ್ಲಿಫೈಯರಿನ ಶಕ್ತಿಯನ್ನು ಅಳೆದು ಹೇಳುವುದಕ್ಕೆ ನಿಯಮ ಮಾಡಬೇಕಾಯಿತು. ನಮ್ಮ ಪೇಟೆಯಲ್ಲಿ ಕಾಣುವ 'ಪಿಎಂಪಿಒ' ಎಂಬ ಸಾವಿರಗಟ್ಟಲೆ ವಾಟಿಗೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. 'ಆರ್‌ಎಂಎಸ್' ಎಷ್ಟು ಎಂದು ಕೇಳಿ. ಅದು ಯಂತ್ರ ಎಡೆಬಿಡದೆ ಕೊಡಬಲ್ಲ ಶಕ್ತಿ. ಇನ್ನೊಂದು ಮಾತು, ವಾಟ್ ಎರಡು ಪಟ್ಟಾದರೆ ಶಬ್ದ ಎರಡು ಪಟ್ಟಾಗುವುದಿಲ್ಲ. ಕಿವಿಗೆ ಎರಡು ಪಟ್ಟು ಜೋರೆನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಸಾಮಾನ್ಯ ಕೋಣೆಗೆ ಒಂದೊಂದು ಪೆಟ್ಟಿಗೆಗೆ 20-30 ವಾಟ್ ಆರ್‌ಎಂಎಸ್ ಧಾರಾಳ ಸಾಕು.

ಕೊಳ್ಳುವಾಗ ನೆನಪಿಡಬೇಕಾದ ನಾಲ್ಕು ಮಾತು:

1. ಸ್ಪೀಕರ್ ಪೆಟ್ಟಿಗೆಗಳು ಎರಡಿರಲಿ, ದೂರ ಇಡುವಂತಿರಲಿ. ಒಂದೇ ಸಣ್ಣ ಡಬ್ಬಿಯೊಳಗೆ ಗೇಣು ದೂರದಲ್ಲಿ ಎರಡು ಸ್ಪೀಕರ್ ಇದ್ದರೆ ಎಡ-ಬಲ ಸರಿಯಾಗಿ ಬೇರೆಯಾಗುವುದಿಲ್ಲ.

2. ಆಂಪ್ಲಿಫೈಯರ್ ಬೇರೆ, ಸ್ಪೀಕರ್ ಬೇರೆ ಕೊಳ್ಳುವುದಾದರೆ ಎರಡರ ಮೇಲೂ ಬರೆದಿರುವ ಓಮ್ ಸಂಖ್ಯೆ ಹೊಂದುತ್ತದೆಯೇ ಎಂದು ಕೇಳಿ.

3. ಸೆಟ್ಟಿನ ಹಿಂಬದಿ ನೋಡಿ. ಕೆಂಪು-ಬಿಳಿ ತೂತುಗಳ ಒಂದು ಜೋಡಿಯಾದರೂ ಇರಲಿ. ಬ್ಲೂಟೂತ್ ಇದ್ದರೆ ಒಳ್ಳೆಯದು, ಅದೊಂದೇ ಆದರೆ ಸಾಲದು.

4. ಅಂಗಡಿಯವರು ಹಾಕುವ ಢಂಢಂ ಹಾಡಿಗೆ ಮರುಳಾಗಬೇಡಿ. ನಿಮಗೆ ಚೆನ್ನಾಗಿ ಪರಿಚಯವಿರುವ ಒಬ್ಬರ ಮಾತು ಹಾಕಿಸಿ ಕೇಳಿ. ಮಾತು ಸಹಜವಾಗಿ ಕೇಳಿದರೆ ಹಾಡೂ ಕೇಳುತ್ತದೆ.

ಮನೆಯಲ್ಲಿ ಎರಡು ಪೆಟ್ಟಿಗೆ ಮತ್ತು ನೀವು ಕೂರುವ ಜಾಗ ಸೇರಿ ಸಮಬಾಹು ತ್ರಿಭುಜವಾಗಲಿ. ವಯರು ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಪೆಟ್ಟಿಗೆಯದ್ದು ಮಾತ್ರ ಅದಲುಬದಲಾದರೆ ಮಂದ್ರದ ಸ್ವರ ಸೊರಗುತ್ತದೆ.

ಮೂರನೆಯ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಿಮ್ಮ ಕಪಾಟಿನ ಕ್ಯಾಸೆಟ್ಟುಗಳು ಮುದಿಯಾಗುತ್ತಿವೆ. ನಮ್ಮ ಮಳೆಗಾಲದ ತೇವಕ್ಕೆ ಟೇಪಿಗೆ ಬೂಸರು ಹಿಡಿಯುತ್ತದೆ, ಅಂಟುತ್ತದೆ. ಹಳೆಯ ಟೇಪ್ ಡೆಕ್ ಇನ್ನೂ ತಿರುಗುತ್ತಿದ್ದರೆ ಅದನ್ನು ಆ ಕೆಂಪು-ಬಿಳಿ ತೂತಿಗೆ ಸಿಕ್ಕಿಸಿ ಕೇಳಬಹುದು. ಅದೇ ಡೆಕ್ಕನ್ನು ಕಂಪ್ಯೂಟರಿಗೆ ಜೋಡಿಸಿ ಪ್ರತಿ ಮಾಡಿಕೊಳ್ಳಬಹುದು. ಗುಜರಿಗೆ ಕೊಟ್ಟ ಮೇಲೆ ಎರಡೂ ಆಗದು.

ಶಾಲೆಯ ಗೇಟು ದಾಟಿದರೆ ನಮ್ಮ ಮಕ್ಕಳ ಕಿವಿಗೆ ಬೀಳುವ ಕನ್ನಡ ಕಡಿಮೆ. ಓದಲು ಬರೆಯಲು ನಾವು ಕಲಿಸಬಹುದು, ಆದರೆ ಮಾತಿನ ಏರಿಳಿತ ಕೇಳಿಯೇ ಬರಬೇಕು. ಅಜ್ಜ ಹಿಡಿದಿಟ್ಟ ಕ್ಯಾಸೆಟ್ಟಿನ ಒಂದು ಪ್ರಸಂಗ ಸಂಜೆ ಮನೆಯಲ್ಲಿ ಸ್ಪಷ್ಟವಾಗಿ ಕೇಳಿದರೆ ಅದು ಯಾವ ಪಾಠಕ್ಕೂ ಕಡಿಮೆಯಲ್ಲ. ಸೆಟ್ಟು ಸಣ್ಣದಿರಲಿ, ಚಿಂತೆಯಿಲ್ಲ. ಕಪಾಟಿನಲ್ಲಿ ಏನೇನಿದೆ ಎಂದು ಈ ಭಾನುವಾರವೇ ಮಕ್ಕಳ ಜೊತೆ ಕೂತು ಒಂದು ಪಟ್ಟಿ ಮಾಡಿ.