ಡೀಸೆಲ್ ಪಂಪ್‌ಸೆಟ್‌ನ ರಿಟರ್ನ್ ಪೈಪ್: ಕಾರ್ಯ ಮತ್ತು ನಿರ್ವಹಣೆ

ಪೀಠಿಕೆ

ಕಲಬುರಗಿ ಜಿಲ್ಲೆ, ಆಳಂದ ತಾಲ್ಲೂಕಿನ ಸರಸಂಬಾ ಸುತ್ತಮುತ್ತಲಿನ ಪ್ರದೇಶದಲ್ಲಿ ತೊಗರಿಯು ಮಳೆಯಾಶ್ರಿತ ಪ್ರಮುಖ ಬೆಳೆಯಾಗಿರುತ್ತದೆ. ಹೂ ಬಿಡುವ ಹಾಗೂ ಕಾಯಿ ಕಟ್ಟುವ ಹಂತದಲ್ಲಿ ಮಳೆ ಕೈಕೊಟ್ಟಾಗ ಕೃಷಿ ಹೊಂಡದ ನೀರನ್ನು ಹಾಯಿಸಿ ಬೆಳೆಯನ್ನು ಉಳಿಸಿಕೊಳ್ಳಬಹುದು. 2014-15ರಲ್ಲಿ ಆರಂಭಗೊಂಡು 2023-24ರಲ್ಲಿ ಮತ್ತೆ ಜಾರಿಗೆ ಬಂದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡದೊಂದಿಗೆ ನೀರೆತ್ತುವ ಪಂಪ್‌ಸೆಟ್‌ಗೂ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಗಿದೆ. ಈ ಹಂತದಲ್ಲಿ ಎಂಜಿನ್ ಕೆಟ್ಟು ನಿಂತಲ್ಲಿ ಹೊಂಡದಲ್ಲಿ ನೀರಿದ್ದೂ ಬೆಳೆ ಒಣಗುವ ಸಂಭವವಿರುತ್ತದೆ. ಆದ್ದರಿಂದ, ಸಾಮಾನ್ಯವಾಗಿ ಗಮನಕ್ಕೆ ಬಾರದ ರಿಟರ್ನ್ ಪೈಪ್‌ನ ಬಗ್ಗೆ ರೈತರು ತಿಳಿದಿರುವುದು ಅವಶ್ಯಕ.

ಕಾರ್ಯವಿಧಾನ

ಟ್ಯಾಂಕ್‌ನ ಡೀಸೆಲ್ ಫಿಲ್ಟರ್ ಮೂಲಕ ಫ್ಯೂಯಲ್ ಪಂಪ್‌ಗೆ ಬರುತ್ತದೆ. ಪಂಪ್ ಅದನ್ನು ಅಧಿಕ ಒತ್ತಡದಲ್ಲಿ ನಾಝಲ್‌ಗೆ ಕಳುಹಿಸುತ್ತದೆ. ನಾಝಲ್ ಅದನ್ನು ಸೂಕ್ಷ್ಮ ತುಂತುರಾಗಿ ಸಿಲಿಂಡರ್‌ಗೆ ಸಿಂಪಡಿಸುತ್ತದೆ. ನಾಝಲ್‌ನೊಳಗಿನ ಸೂಜಿಯ ಪಕ್ಕದಿಂದ ಅಲ್ಪ ಪ್ರಮಾಣದ ಡೀಸೆಲ್ ಮೇಲಕ್ಕೆ ಜಿನುಗುತ್ತದೆ. ಇದು ದೋಷವಲ್ಲ, ಈ ಡೀಸೆಲ್ ಸೂಜಿ ಸರಾಗವಾಗಿ ಚಲಿಸಲು ಜಾರುಕವಾಗಿ ಕೆಲಸ ಮಾಡುತ್ತದೆ. ಹೀಗೆ ಜಿನುಗಿದ ಡೀಸೆಲ್‌ನ್ನು ಟ್ಯಾಂಕ್ ಅಥವಾ ಫಿಲ್ಟರ್‌ಗೆ ಮರಳಿಸುವ ಸಣ್ಣ ಕೊಳವೆಯೇ ರಿಟರ್ನ್ ಪೈಪ್. ಇದನ್ನು ಓವರ್‌ಫ್ಲೋ ಪೈಪ್ ಎಂದೂ ಕರೆಯಲಾಗುತ್ತದೆ.

ಟ್ರ್ಯಾಕ್ಟರ್ ಹಾಗೂ ಮೀನುಗಾರಿಕಾ ದೋಣಿಗಳ ಎಂಜಿನ್‌ಗಳಲ್ಲಿಯೂ ಇದೇ ವ್ಯವಸ್ಥೆ ಇರುತ್ತದೆ. ಅವುಗಳಲ್ಲಿ ಅನೇಕ ಎಂಜಿನ್‌ಗಳಿಗೆ ಅಗತ್ಯಕ್ಕಿಂತ ಹೆಚ್ಚು ಡೀಸೆಲ್ ಪೂರೈಕೆಯಾಗುವುದರಿಂದ, ಮರಳುವ ಡೀಸೆಲ್ ಶಾಖವನ್ನೂ ಗಾಳಿಯ ಗುಳ್ಳೆಗಳನ್ನೂ ಹೊರಗೊಯ್ಯುತ್ತದೆ.

ದೋಷಗಳ ಲಕ್ಷಣಗಳು

1. ಪೈಪ್ ಬಿರುಕು ಬಿಟ್ಟಲ್ಲಿ ಡೀಸೆಲ್ ಸೋರಿ ವ್ಯರ್ಥವಾಗುತ್ತದೆ. ಹೊಂಡದ ದಂಡೆಯ ಮೇಲಿನ ಎಂಜಿನ್‌ನಿಂದ ಸೋರಿದ ಡೀಸೆಲ್ ನೀರಿಗೂ ಸೇರಬಹುದು.
2. ಟ್ಯಾಂಕ್ ಎಂಜಿನ್‌ಗಿಂತ ಕೆಳಗಿದ್ದಲ್ಲಿ ಬಿರುಕಿನ ಮೂಲಕ ಗಾಳಿ ಒಳಸೇರಿ ಮರುದಿನ ಎಂಜಿನ್ ಸುಲಭವಾಗಿ ಚಾಲೂ ಆಗದಿರಬಹುದು.
3. ಪೈಪ್ ಮಡಚಿಕೊಂಡು ಅಥವಾ ಕಸ ಕಟ್ಟಿಕೊಂಡಲ್ಲಿ ನಾಝಲ್‌ನೊಳಗೆ ಒತ್ತಡ ಹೆಚ್ಚಿ ಎಂಜಿನ್ ಸಮನಾಗಿ ಓಡುವುದಿಲ್ಲ.
4. ಮರಳುವ ಡೀಸೆಲ್ ಹನಿಯಾಗಿರದೆ ಧಾರೆಯಾಗಿ ಬಂದಲ್ಲಿ ನಾಝಲ್ ಸವೆದಿರುವ ಸಾಧ್ಯತೆ ಇದ್ದು, ಪರೀಕ್ಷೆ ಮಾಡಿಸುವುದು.

ನಿರ್ವಹಣೆ

1. ಹಂಗಾಮು ಆರಂಭಕ್ಕೆ ಮುನ್ನ ಪೈಪ್ ಹಾಗೂ ಜೋಡಣೆಗಳನ್ನು ಬಟ್ಟೆಯಿಂದ ಒರೆಸಿ, ಎಂಜಿನ್ ಓಡಿಸಿ, ಒದ್ದೆಯಾಗುವ ಜಾಗವನ್ನು ಗುರುತಿಸುವುದು.
2. ಬದಲಿ ಪೈಪ್ ಡೀಸೆಲ್ ತಾಳುವಂತಹದ್ದಾಗಿರಬೇಕು. ನೀರಿನ ಸಾಮಾನ್ಯ ಪ್ಲಾಸ್ಟಿಕ್ ಪೈಪ್ ಬಳಸತಕ್ಕದ್ದಲ್ಲ.
3. ಜೋಡಣೆ ಬಿಚ್ಚಿದಾಗ ತಾಮ್ರದ ವಾಷರ್ ಹೊಸದನ್ನು ಹಾಕುವುದು.
4. ಗಾಳಿ ಸೇರಿದ್ದಲ್ಲಿ ಮೊದಲು ಫಿಲ್ಟರ್‌ನ, ನಂತರ ಪಂಪ್‌ನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆ ಬಿಗಿಗೊಳಿಸುವುದು.

ಎಚ್ಚರಿಕೆ: ಎಂಜಿನ್ ಓಡುತ್ತಿರುವಾಗ ಪಂಪ್‌ನಿಂದ ನಾಝಲ್‌ಗೆ ಹೋಗುವ ಪೈಪ್‌ನ ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಬಾರದು. ಅಧಿಕ ಒತ್ತಡದ ಡೀಸೆಲ್ ಚರ್ಮವನ್ನು ಭೇದಿಸಿ ಒಳಸೇರಬಲ್ಲದು. ಹಾಗಾದಲ್ಲಿ ಗಾಯ ಚಿಕ್ಕದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ತೆರಳುವುದು.

ಪಂಪ್‌ಸೆಟ್ ಸಹಾಯಧನದ ಅರ್ಜಿ ಹಾಗೂ ಹೆಚ್ಚಿನ ಮಾಹಿತಿಗಾಗಿ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.