ಕೆಂಗೇರಿ: ರೇಷ್ಮೆ, ಕೂಲಿ, ಬಾಡಿಗೆ

ಮೈಸೂರು ರಸ್ತೆಯಲ್ಲಿ ಬೆಂಗಳೂರಿನ ಹಳೆಯ ಪೇಟೆಯಿಂದ ಸುಮಾರು 15 ಕಿ.ಮೀ. ದೂರದಲ್ಲಿ, ವೃಷಭಾವತಿ ಹೊಳೆಯ ಬದಿಗೆ ಕೆಂಗೇರಿ ಇದೆ. ನಗರದಂಚಿನ ಇಂಥ ಊರಿನಲ್ಲಿ ಜನಸಂಖ್ಯೆ, ಮನೆ ಮತ್ತು ಆದಾಯ ಒಟ್ಟೊಟ್ಟಿಗೇ ಬದಲಾಗುತ್ತವೆ. ಕೆಂಗೇರಿಯಲ್ಲಿ ಸಂಸಾರ ಮೊದಲು ನೆಲವನ್ನೂ ರೇಷ್ಮೆ ಹುಳುವನ್ನೂ ನೆಚ್ಚಿತ್ತು. ಆಮೇಲೆ ಕೂಲಿ, ಸಂಬಳಗಳನ್ನು, ಕೊನೆಗೆ ಬಾಡಿಗೆಯನ್ನು ನೆಚ್ಚಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಭಾಗದ ಬೇಸಾಯದ ಮನೆಗಳಲ್ಲಿ ಊಟಕ್ಕೆ ರಾಗಿ, ಕೈಕಾಸಿಗೆ ರೇಷ್ಮೆ. ಹುಳು ಸಾಕಣೆಗೆ ಬೇರೆ ಕಟ್ಟಡವಿರಲಿಲ್ಲ, ಜನ ವಾಸಿಸುವ ಮನೆಯೇ ಸಾಕಣೆ ಮನೆ. ಬಿದಿರಿನ ತಟ್ಟೆಗಳಲ್ಲಿ ಹುಳು ಬಿಟ್ಟು, ಹಗಲು ರಾತ್ರಿ ಹಿಪ್ಪುನೇರಳೆ ಸೊಪ್ಪು ಹಾಕಿ, ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತಿದ್ದರು. ಸೊಪ್ಪು ಕೊಯ್ಯಲು, ಹೆಚ್ಚಲು, ತಟ್ಟೆ ಹಸನು ಮಾಡಲು ಹೆಂಗಸರು ಮಕ್ಕಳೆಲ್ಲ ಬೇಕು. ಹಾಗಾಗಿ ದೊಡ್ಡ ಕೂಡುಕುಟುಂಬ ಎಂದರೆ ಹೆಚ್ಚು ದುಡಿಯುವ ಕೈ. ಮೈಸೂರು ತಳಿ ವರ್ಷದಲ್ಲಿ ಹಲವು ಬೆಳೆ ಕೊಡುವುದರಿಂದ ಮಳೆ ಕೈಕೊಟ್ಟರೂ ಒಂದಿಷ್ಟು ಹಣ ಓಡಾಡುತ್ತಿತ್ತು. 1866ರಲ್ಲಿ ಇಟಲಿಯ ಡಿ ವೆಕ್ಕಿ ಎಂಬಾತ ಉಗಿಯಿಂದ ನಡೆಯುವ ನೂಲು ಬಿಚ್ಚುವ ಕಾರ್ಖಾನೆಯನ್ನು ಕೆಂಗೇರಿಯಲ್ಲಿ ತೆರೆದ. ಆದರೆ ಹುಳುಗಳಿಗೆ ರೋಗ ಬಿದ್ದು ಆ ಪ್ರಯತ್ನ ಕೈಗೂಡಲಿಲ್ಲ.

ಮೈಸೂರು ಸಂಸ್ಥಾನದ ಮೊದಲ ಕ್ರಮಬದ್ಧ ಜನಗಣತಿ ನಡೆದದ್ದು 1871ರಲ್ಲಿ. ಆಗ ಸುಮಾರು 50.5 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ, 1876–78ರ ಧಾತು ಈಶ್ವರ ಬರದ ನಂತರ, 1881ರ ಗಣತಿಯಲ್ಲಿ ಸುಮಾರು 41.9 ಲಕ್ಷಕ್ಕೆ ಇಳಿಯಿತು. ಬೆಂಗಳೂರು–ಮೈಸೂರು ರೈಲುಮಾರ್ಗ ಹಾಕಿದ್ದು ಈ ಬರದ ಬೆನ್ನಲ್ಲೇ. 1882ಕ್ಕೆ ಅದು ಮೈಸೂರನ್ನು ಮುಟ್ಟಿತು. ಆ ಮಾರ್ಗದಲ್ಲಿ ನಿಲ್ದಾಣ ಸಿಕ್ಕ ಕೆಂಗೇರಿಗೆ ಪೇಟೆ ಹತ್ತಿರವಾಯಿತು.

ಎರಡನೆಯ ಘಟ್ಟ ಕಾರ್ಖಾನೆಗಳದು. ಬಿನ್ನಿಪೇಟೆಯ ಗಿರಣಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ನಗರದ ಪಶ್ಚಿಮದಂಚಿಗೆ ಕೂಲಿಯ ದಾರಿ ತೆರೆದಿತ್ತು. 1941ರಲ್ಲಿ ಸುಮಾರು 4 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ಕ್ಕೆ 7.8 ಲಕ್ಷ ಮುಟ್ಟಿತು. ಕೈಗಾರಿಕಾ ಉಪನಗರವಾಗಿ ರಾಜಾಜಿನಗರ 1949ರಲ್ಲಿ ಆರಂಭವಾಯಿತು. 1957ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಅಲ್ಲಿಗೆ ಬಂತು. ಆ ಭಾಗದ ಹಳ್ಳಿಗಳಾದ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿಗಳು ಬಡಾವಣೆಗಳ ನಡುವೆ ಸಿಕ್ಕಿಕೊಂಡವು. ದೂರವಿದ್ದ ಕೆಂಗೇರಿ ಇನ್ನಷ್ಟು ಕಾಲ ಬೇರೆ ಊರಾಗಿಯೇ ಉಳಿಯಿತು. ಇಂಥ ಊರುಗಳಲ್ಲಿ ಒಬ್ಬ ಮಗ ಹೊಲದಲ್ಲಿ, ಇನ್ನೊಬ್ಬ ಪಾಳಿಯ ಕೆಲಸದಲ್ಲಿ ಎಂಬ ಏರ್ಪಾಡು ಬಂತು. ತಿಂಗಳ ಸಂಬಳ ಮಳೆಯನ್ನು ಕಾಯುವುದಿಲ್ಲ; ಸಂಬಳದ ಮಗ ಬೇರೆ ಒಲೆ ಹೂಡಿದರೆ ತಡೆಯುವ ಕಾರಣವೂ ಇರಲಿಲ್ಲ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರನ್ನು ಒಂದು ಕುಟುಂಬವೆಂದು ಗಣತಿ ಎಣಿಸುವುದರಿಂದ, ಜನ ಅಷ್ಟೇ ಇದ್ದರೂ ಕುಟುಂಬಗಳ ಲೆಕ್ಕ ಏರಿತು. ಇತ್ತ ನಗರದ ಕೊಳಚೆ ಸೇರಿ ವೃಷಭಾವತಿಯೂ ಕೆಟ್ಟಿತು.

ಮೂರನೆಯ ಘಟ್ಟ ನಿವೇಶನಗಳದು. ಹೊಲಗಳು ಒಂದೆಡೆ ಸರ್ಕಾರಿ ಬಡಾವಣೆಗೆ, ಇನ್ನೊಂದೆಡೆ ಕಂದಾಯ ನಿವೇಶನಗಳಿಗೆ, ಅಂದರೆ ಬೇಸಾಯದ ಭೂಮಿಯಲ್ಲೇ ವಿಂಗಡಿಸಿ ಮಾರಿದ ಖಾಸಗಿ ಸೈಟುಗಳಿಗೆ, ಹೋದವು. ಭೂಮಿ ಮಾರಿದವರಲ್ಲಿ ಕೆಲವರು ಗ್ರಾಮಠಾಣದ ಹಳೆಯ ಮನೆ ಕೆಡವಿ ವಠಾರವನ್ನೋ ಮಹಡಿ ಮನೆಯನ್ನೋ ಕಟ್ಟಿದರು. ಕೆಳಗೆ ಅಂಗಡಿ, ನಡುವೆ ಬಾಡಿಗೆದಾರರು, ಮೇಲೆ ಮಾಲೀಕರು. ಆದರೆ ಈ ಆದಾಯ ಬಂದದ್ದು ಪಟ್ಟಾ ಇದ್ದವರಿಗೆ. ಅವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಹೊಲದ ಜೊತೆಗೆ ಕೆಲಸವೂ ಹೋಯಿತು. ಗಾರೆ ಕೆಲಸ, ಮನೆಗೆಲಸ, ಸಣ್ಣ ವ್ಯಾಪಾರಗಳೇ ಅವರ ಪಾಲಿಗೆ ಉಳಿದವು.

2001ರ ಗಣತಿಯಲ್ಲಿ ಕೆಂಗೇರಿ ಪುರಸಭೆಯ ಜನಸಂಖ್ಯೆ 42 ಸಾವಿರ ದಾಟಿತ್ತು. 2007ರಲ್ಲಿ ಏಳು ನಗರಸಭೆಗಳು ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳೊಂದಿಗೆ ಅದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು; ಹಾಗೆ ಸೇರಿದ ಒಂದೇ ಒಂದು ಪುರಸಭೆ ಅದು. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಗೆ ಬಂತು, 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಮುಂದುವರಿಯಿತು. ಮನೆ ಬಾಡಿಗೆಯ ಲೆಕ್ಕಾಚಾರವೂ ಅದರ ಹಿಂದೆಯೇ ಆ ಕಡೆಯ ಹಳ್ಳಿಗಳತ್ತ ಸರಿಯುತ್ತಿದೆ.